ಜಾತ್ರೆ ರಾತ್ರಿ ಪದ ನೀವೇ ಹಾಡಿ

ಕಾರ್ಡಿಫ್, ವೇಲ್ಸ್

ಪ್ರೀತಿಯ ತಮ್ಮಾ,

ಅಪ್ಪ, ಅವ್ವನಿಗೆ ನನ್ನ ಶರಣು ಹೇಳು. ನಾನು ಇಲ್ಲಿ ಆರಾಮಿದ್ದೇನೆ. ಆಸ್ಪತ್ರೆ ಕೆಲಸ ಜಾಸ್ತಿ, ಅಷ್ಟೇ.

ಈ ಸಲ ಜಾತ್ರೆಗೆ ಭಜನೆ ಬಿಟ್ಟು ಕಲಬುರಗಿಯಿಂದ ಆರ್ಕೆಸ್ಟ್ರಾ ಕರೆಸೋಣ ಅಂತ ಹುಡುಗರು ಹಟ ಹಿಡಿದಿದ್ದಾರೆ, ನೀನೇನಂತೀ ಅಂತ ಕೇಳಿದ್ದೀಯ. ಬೇಡ ಅಂತೀನಿ. ಹಳೇದೆಲ್ಲ ಚೆಂದ ಅಂತ ಸುಮ್ನೆ ಹೇಳುವ ಮಾತಲ್ಲ ಇದು.

ನಮ್ಮ ವಾರ್ಡಿನ ಹಿರಿಯ ನರ್ಸ್ ಒಬ್ಬರು ನನ್ನನ್ನು ಅವರ ಚಾಪೆಲ್‌ಗೆ ಕರೆದುಕೊಂಡು ಹೋಗಿದ್ದರು. ಚಾಪೆಲ್ ಅಂದರೆ ಚರ್ಚಿನಂಥ ಪ್ರಾರ್ಥನಾ ಮಂದಿರ. ಅಲ್ಲಿ 'ಕಮಾನ್ವ ಗಾನಿ' ಇತ್ತು. ಊರವರೆಲ್ಲ ಕೂಡಿ ದೇವರ ಹಾಡು ಹಾಡುವ ಕೂಟ. 1859ರಲ್ಲಿ ಅಬರ್‌ಡೇರ್ ಅನ್ನುವ ಊರಲ್ಲಿ ಶುರುವಾಗಿದ್ದು. ಕೇಳೋಕೆ ಅಂತ ಯಾರೂ ಬರೋದಿಲ್ಲ, ಬಂದವರೆಲ್ಲ ಹಾಡುವವರೇ. ಏರುದನಿಯವರು ಒಂದು ಕಡೆ, ಇಳಿದನಿಯವರು ಇನ್ನೊಂದು ಕಡೆ, ಹೀಗೆ ನಾಲ್ಕು ದನಿ. ಹಾಡು ಮೈಗೆ ಹತ್ತಿತು ಅಂದರೆ ಕೊನೆಯ ನುಡಿಯನ್ನು ಮತ್ತೆ ಮತ್ತೆ ಎತ್ತುತ್ತಾರೆ. ನನ್ನ ಪಕ್ಕದ ಅಜ್ಜ ಪುಸ್ತಕ ಮುಚ್ಚಿಟ್ಟು, ಮುಂದಿನ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದು ಹಾಡುತ್ತಿದ್ದ. ದನಿ ಒಡೆದಿತ್ತು. ಬೆಂಚಿನ ಕಟ್ಟಿಗೆ ನಡುಗುವುದು ನನ್ನ ಕೈಗೂ ತಿಳಿಯುತ್ತಿತ್ತು. ವೇಲ್ಶ್ ಒಂದಕ್ಷರ ನನಗೆ ಬರೋದಿಲ್ಲ. ಆದರೂ ಕಣ್ಣು ತುಂಬಿತು.

ನಮ್ಮ ಅಮಾವಾಸ್ಯೆ ಭಜನೆಯಲ್ಲೂ ಆಗೋದು ಇದೇ ಅಲ್ವಾ? ಅಪ್ಪ ತನ್ನ ಚರ್ಮವಾದ್ಯ ದಮ್ಮಡಿಯನ್ನು ಬೆಂಕಿಗೆ ಹಿಡಿಯುತ್ತಾನೆ. ಬೆರಳಿಂದ ಬಡಿದು, ಕಿವಿ ಹತ್ತಿರ ತಂದು, ಮತ್ತೆ ಕಾಸುತ್ತಾನೆ. ಚರ್ಮ ಬಿಗಿಯಾಗುವ ತನಕ ಪದ ಎತ್ತೋದಿಲ್ಲ. ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದದ ಕೊನೆಯ ನುಡಿಯಲ್ಲಿ ಅವನ ಗುರು ಮಹಾಂತನ ಹೆಸರು ಬಂದಾಗ ಅಪ್ಪನ ದನಿ ಜೋರಾಗೋದಿಲ್ಲ, ಇಳಿಯುತ್ತದೆ. ಹಿಮ್ಮೇಳದವರೂ ಇಳಿಸುತ್ತಾರೆ. ಯಾರೂ ಸನ್ನೆ ಮಾಡಿರೋದಿಲ್ಲ. ಮಡಿವಾಳಪ್ಪನ ಶಿಷ್ಯ ಚೆನ್ನೂರ ಜಲಾಲಸಾಹೇಬರ ಪದವನ್ನೂ ಅಷ್ಟೇ ಭಕ್ತಿಯಿಂದ ಹಾಡುತ್ತಾರೆ. ಆರ್ಕೆಸ್ಟ್ರಾದವರು ಇವತ್ತು ಇಲ್ಲಿ, ನಾಳೆ ಇನ್ನೊಂದೂರಲ್ಲಿ. ಅವರು ಚೆನ್ನಾಗಿಯೇ ಹಾಡಬಹುದು. ಆದರೆ ಮಹಾಂತನ ಹೆಸರಿಗೆ ದನಿ ಇಳಿಸಬೇಕು ಅಂತ ಅವರಿಗೆ ಯಾಕೆ ಅನ್ನಿಸಬೇಕು?

ಅವ್ವನನ್ನೇ ನೋಡು. ಬೀಸುವ ಕಲ್ಲಿನ ಮುಂದೆ ಕೂತು ಹಾಡುವಾಗ ಅವಳಿಗೆ ಕೇಳುಗರೇ ಬೇಕಿರಲಿಲ್ಲ. ಬೀಸುವ ಹೆಂಗಸರಿಗೆ ಅಂತಲೇ ದಖ್ಖನಿ ಉರ್ದು ಮಾತಿನಲ್ಲಿ ಸೂಫಿಗಳು ಕಟ್ಟಿದ ಪದಗಳೂ ಇವೆ, ಚಕ್ಕಿನಾಮಾ ಅಂತಾರೆ. ಕಲಬುರಗಿಯ ಸೂಫಿ ಸಂತ ಬಂದೇನವಾಜರ ದರ್ಗಾದ ಕಡೆಯ ನಮ್ಮ ನೆಲಕ್ಕೆ ಈ ರೀತಿ ಹೊಸದಲ್ಲ. ಕೈಯಲ್ಲಿ ಕೆಲಸ, ಬಾಯಲ್ಲಿ ದೇವರು.

ಮುದುಕರು ಶ್ರುತಿ ತಪ್ಪುತ್ತಾರೆ ಅಂತ ಹುಡುಗರು ಅಂದರಂತೆ. ತಾಳ ಗೊತ್ತಿಲ್ಲ, ಲೆಕ್ಕ ಗೊತ್ತಿಲ್ಲ, ಒಲಿದಂತೆ ಹಾಡುತ್ತೇನೆ ಅಂತ ಬಸವಣ್ಣನವರೇ ಹೇಳಿದ್ದಾರೆ. ಹಾಗಂತ ಕಲಿಯದೇ ಒದರುವುದು ಭಕ್ತಿ ಅಲ್ಲ. ಇಲ್ಲಿನ ಗಣಿ ಕೆಲಸದವರು ಹಗಲೆಲ್ಲ ದುಡಿದು, ಸಂಜೆ ಚಾಪೆಲ್‌ನಲ್ಲಿ ಸೋಲ್-ಫಾ, ಅಂದರೆ ಸ್ವರಗಳನ್ನು ಅಕ್ಷರದಲ್ಲಿ ಬರೆದು ಹಾಡುವ ಪದ್ಧತಿ, ಅಭ್ಯಾಸ ಮಾಡಿ ನಾಲ್ಕು ದನಿ ಕಲಿತವರು. ಮೈಕ್ ಜೋರು ಮಾಡಿದರೆ ಆವೇಶ ಬಂದಂತೆ ಕಾಣುತ್ತದೆ, ಬಂದಿರೋದಿಲ್ಲ. ಅಪ್ಪನ ಪದ ಮೈಕ್ ಇಲ್ಲದೆಯೂ ಊರ ಅಗಸಿ ಬಾಗಿಲ ತನಕ ಕೇಳುತ್ತದೆ.

ಆರ್ಕೆಸ್ಟ್ರಾಕ್ಕೆ ಅಂತ ಕೇಳಿದ ದುಡ್ಡು ಕಳಿಸುತ್ತೇನೆ. ಅದರಲ್ಲಿ ದಮ್ಮಡಿಗೆ ಹೊಸ ಚರ್ಮ ಹಾಕಿಸು, ಹಾರ್ಮೋನಿಯಂ ರಿಪೇರಿ ಮಾಡಿಸು. ಹಟ ಹಿಡಿದ ಹುಡುಗರನ್ನೇ ಹಿಮ್ಮೇಳಕ್ಕೆ ಕೂಡಿಸು, ಇವತ್ತಿಂದಲೇ. ರಾತ್ರಿ ಪೂರ್ತಿ ಚಹಾ ಕಡಿಮೆ ಬೀಳಬಾರದು. ಅಪ್ಪನ ವಹಿಯಲ್ಲಿ ಇರೋದಕ್ಕಿಂತ ಬಾಯಲ್ಲಿರುವ ಪದಗಳೇ ಜಾಸ್ತಿ. ಅವನ್ನು ಹುಡುಗರ ಕೈಯಲ್ಲೇ ಬರೆಸು, ಬರೆದ ಹಾಳೆಗಳ ಫೋಟೊ ನನಗೂ ಕಳಿಸು.

ನಿನ್ನ ಅಕ್ಕ