ಫಾರೂಖ್ ಶೇಖ್ ಅವರನ್ನು ಆವರಣದೊಳಗೆ ಇಡಬೇಡಿ

ಮಾನ್ಯ ಸಂಪಾದಕರೇ,

ಹಿಂದಿ ಕಿರುತೆರೆಯ ನಿರೂಪಕರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. 2000ದ ಜುಲೈನಲ್ಲಿ ಅಮಿತಾಭ್ ಬಚ್ಚನ್ ‘ಕೌನ್ ಬನೇಗಾ ಕರೋಡ್‌ಪತಿ’ಯ ಕುರ್ಚಿಯಲ್ಲಿ ಕೂತಲ್ಲಿಂದ ಶುರುವಾಗಿ ಕಪಿಲ್ ಶರ್ಮಾವರೆಗೆ ಬರುವ ಆ ಲೇಖನದಲ್ಲಿ ಫಾರೂಖ್ ಶೇಖ್ ಹೆಸರು ಒಂದೇ ಕಡೆ ಇದೆ. ಅದೂ ಆವರಣ ಚಿಹ್ನೆಯೊಳಗೆ, ‘ಚಶ್ಮೆ ಬದ್ದೂರ್’ ಚಿತ್ರದ ನಾಯಕ ಎಂದು. ನಿರೂಪಕರ ಚರಿತ್ರೆ ಬರೆಯುವಾಗ ಹೀಗೆ ಮಾಡಿದರೆ ಹೇಗೆ ಸ್ವಾಮಿ?

ಸಿನಿಮಾ ಅವಕಾಶ ಕಡಿಮೆಯಾದ ಮೇಲೆ ಟಿವಿಗೆ ಬಂದವರು ಎಂದು ಅವರ ಬಗ್ಗೆ ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಮುಂಬೈ ದೂರದರ್ಶನ ಶುರುವಾದದ್ದು 1972ರಲ್ಲಿ. ಆ ದಶಕದಲ್ಲೇ ಅಲ್ಲಿನ ‘ಯುವದರ್ಶನ್’ ಕಾರ್ಯಕ್ರಮದಲ್ಲಿ ಅವರು ನಿರೂಪಕರಾಗಿದ್ದರು. ವಕೀಲರ ಮಗ, ತಾವೂ ಕಾನೂನು ಓದಿದವರು; ಆದರೆ ಮನಸ್ಸು ಇದ್ದದ್ದು ಇಪ್ಟಾ (ಭಾರತೀಯ ಜನನಾಟ್ಯ ಸಂಘ) ನಾಟಕಗಳಲ್ಲಿ. ಅವರನ್ನು ಸಿನಿಮಾಕ್ಕೆ ತಂದವರು ನಮ್ಮ ಮೈಸೂರಿನ ಎಂ.ಎಸ್. ಸತ್ಯು. 1973ರ ‘ಗರಂ ಹವಾ’ದಲ್ಲಿ ಬಲರಾಜ್ ಸಾಹ್ನಿಯವರ ಕಿರಿಯ ಮಗ ಸಿಕಂದರ್ ಆಗಿ ಅವರು ನಟಿಸಿದರು. ಸಂಭಾವನೆ 750 ರೂಪಾಯಿ ಎಂದು ಆಮೇಲೆ ಅವರೇ ನಗುತ್ತ ಹೇಳಿಕೊಂಡಿದ್ದುಂಟು. ಆಮೇಲಿನ ‘ಗಮನ್’, ‘ಉಮ್ರಾವ್ ಜಾನ್’, ‘ಕಥಾ’ಗಳನ್ನು ನಿಮ್ಮ ಓದುಗರಿಗೆ ನಾನು ನೆನಪಿಸಬೇಕಿಲ್ಲ.

ಎಂಬತ್ತರ ದಶಕದ ನಡುವೆ, ಚಿತ್ರಗಳು ಕೈಯಲ್ಲಿರುವಾಗಲೇ, ಅವರು ಬಂಗಾಳಿ ಲೇಖಕ ಶರಶ್ಚಂದ್ರರ ಕಾದಂಬರಿ ಆಧರಿಸಿದ ದೂರದರ್ಶನದ ‘ಶ್ರೀಕಾಂತ್’ ಧಾರಾವಾಹಿ ಒಪ್ಪಿಕೊಂಡರು. ಶರಶ್ಚಂದ್ರರನ್ನು ಕನ್ನಡದಲ್ಲೇ ಓದಿ ಬೆಳೆದ ನಮ್ಮ ಮನೆಯ ಹಿರಿಯರು ಹಿಂದಿ ಅರ್ಧ ತಿಳಿದರೂ ಟಿವಿ ಮುಂದೆ ಕೂತದ್ದು ಆ ಪಾತ್ರಕ್ಕಾಗಿ. ಶ್ರೀಕಾಂತ ತಾನಾಗಿ ಏನನ್ನೂ ಮಾಡುವವನಲ್ಲ. ಅಲೆಯುತ್ತಾನೆ, ನೋಡುತ್ತಾನೆ, ಇತರರ ಕಥೆಗೆ ಸಾಕ್ಷಿಯಾಗುತ್ತಾನೆ. ಅಂಥವನನ್ನು ಅಭಿನಯಿಸುವುದು ಕಷ್ಟದ ಕೆಲಸ. ಮುಂದೆ ನಿರೂಪಕರಾಗಿ ಅವರು ಮಾಡಿದ್ದೂ ಬಹುಮಟ್ಟಿಗೆ ಇದನ್ನೇ.

2001ರಲ್ಲಿ ಸ್ಟಾರ್ ಪ್ಲಸ್‌ನಲ್ಲಿ ‘ಜೀ ಮಂತ್ರೀಜೀ’ ಬಂತು. ಬಿಬಿಸಿಯ ‘ಯೆಸ್ ಮಿನಿಸ್ಟರ್’ನ ಹಿಂದಿ ರೂಪ. ಮಂತ್ರಿ ಸೂರ್ಯಪ್ರಕಾಶ್ ಸಿಂಗ್ ಆಗಿ ಫಾರೂಖ್, ಕಾರ್ಯದರ್ಶಿ ರಾಜನಾಥ್ ಮಾಥುರ್ ಆಗಿ ಜಯಂತ್ ಕೃಪಲಾನಿ. ಕಾರ್ಯದರ್ಶಿ ಉದ್ದುದ್ದ ವಾಕ್ಯಗಳಲ್ಲಿ ಮಂತ್ರಿಯನ್ನು ಸುತ್ತಾಡಿಸಿ ಸುಸ್ತು ಮಾಡುತ್ತಾನೆ; ಮಂತ್ರಿ ಎಲ್ಲ ತಿಳಿದವನಂತೆ ತಲೆಯಾಡಿಸುತ್ತಾನೆ, ಏನೂ ತಿಳಿದಿಲ್ಲ ಎನ್ನುವುದು ಕಣ್ಣಲ್ಲಿ ಗೊತ್ತಾಗುತ್ತದೆ. (ವಿಧಾನಸೌಧದಲ್ಲಿ ಕಡತ ಹೊತ್ತವರಿಗೆ ಅದು ಹಾಸ್ಯ ಅನ್ನಿಸಿರಲಿಕ್ಕಿಲ್ಲ.) ಅದೇ ವಾಹಿನಿಯಲ್ಲಿ ಆಗ ಅತ್ತೆ-ಸೊಸೆಯರ ಅಬ್ಬರ. ಅದರ ನಡುವೆ ಈ ತಣ್ಣನೆಯ ಹಾಸ್ಯಕ್ಕೆ ಸಿಗಬೇಕಾದ ಹೆಸರು ಸಿಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಜೀ ಟಿವಿಯ ‘ಜೀನಾ ಇಸೀ ಕಾ ನಾಮ್ ಹೈ’ ಕಾರ್ಯಕ್ರಮಕ್ಕಾಗಿ. ಒಬ್ಬ ಪ್ರಸಿದ್ಧರನ್ನು ಕೂರಿಸಿ, ಅವರ ಬಾಲ್ಯದ ಗೆಳೆಯರು, ಮೇಷ್ಟ್ರು, ಒಡಹುಟ್ಟಿದವರನ್ನು ಒಬ್ಬೊಬ್ಬರಾಗಿ ಎದುರಿಗೆ ತರುವ ಕಾರ್ಯಕ್ರಮ. 2014ರಲ್ಲಿ ಅದೇ ಬಳಗದ ಜೀ ಕನ್ನಡದಲ್ಲಿ ‘ವೀಕೆಂಡ್ ವಿತ್ ರಮೇಶ್’ ಶುರುವಾದಾಗ ಹಳೆಯ ಪ್ರೇಕ್ಷಕರಿಗೆ ತಕ್ಷಣ ನೆನಪಾದದ್ದು ಫಾರೂಖ್. ರಮೇಶ್ ಅರವಿಂದ್ ಅವರದು ಭಾವದ ಹಾದಿ, ಕಣ್ಣೀರಿಗೂ ಅಲ್ಲಿ ಜಾಗವಿದೆ. ಫಾರೂಖ್ ಅವರದು ಕೀಟಲೆಯ ಹಾದಿ. ಎದುರಿಗಿದ್ದವರು ಶಾರುಖ್ ಖಾನ್ ಆದರೂ ಸರಿ, ‘ತಾವು’ ಎನ್ನುವ ಅದೇ ‘ಆಪ್’, ಅದೇ ಮೆಲುದನಿಯ ಉರ್ದು, ನಡುವೆ ಮುಖಭಾವ ಬದಲಿಸದೆ ಒಂದು ಚುಚ್ಚು. ಚುಚ್ಚಿಸಿಕೊಂಡವರು ನಕ್ಕ ಮೇಲೇ ತಾವು ಸಿಕ್ಕಿಬಿದ್ದದ್ದು ಅವರಿಗೆ ತಿಳಿಯುವುದು. ವೇದಿಕೆಗೆ ಬಂದ ಹಳೆಯ ಗೆಳೆಯ ಕ್ಯಾಮೆರಾ ಕಂಡು ತಡವರಿಸಿದರೆ ಫಾರೂಖ್ ಅವಸರ ಮಾಡುತ್ತಿರಲಿಲ್ಲ. ಆ ತಡವರಿಕೆ ಮುಗಿಯುವವರೆಗೆ ಕಾಯುತ್ತಿದ್ದರು. ಅಳಿಸಲೇಬೇಕೆಂದು ಹಿನ್ನೆಲೆಯಲ್ಲಿ ಪಿಟೀಲು ಕೊಯ್ಯುವ ಇಂದಿನ ಕಾರ್ಯಕ್ರಮಗಳ ಸಂಕಲನಕಾರರು ಆ ಕಾಯುವಿಕೆಯನ್ನು ಕತ್ತರಿಸಿ ಎಸೆದಾರು.

ಈ ಸೌಜನ್ಯ ಕ್ಯಾಮೆರಾಗೆ ಮಾತ್ರ ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. 2008ರ ನವೆಂಬರ್ 26ರ ದಾಳಿಯಲ್ಲಿ ಮುಂಬೈನ ತಾಜ್ ಹೋಟೆಲಿನ ಸಿಬ್ಬಂದಿಯೊಬ್ಬರು ಅತಿಥಿಗಳನ್ನು ಕಾಪಾಡುವಾಗ ಗುಂಡೇಟು ತಿಂದು ತೀರಿಕೊಂಡರು. ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಆ ಕುಟುಂಬದ ಸುದ್ದಿ ಓದಿದ ಫಾರೂಖ್ ಪತ್ರಿಕೆಯವರನ್ನು ಸಂಪರ್ಕಿಸಿ, ಮಕ್ಕಳ ಓದಿನ ಖರ್ಚು ವಹಿಸಿಕೊಂಡರು. ತಮ್ಮ ಹೆಸರು ಹೊರಬರಬಾರದು ಎಂಬುದೇ ಅವರ ಷರತ್ತು. ಅವರು ತೀರಿಕೊಂಡ ಮೇಲಷ್ಟೇ ಪತ್ರಿಕೆ ಅದನ್ನು ಬರೆಯಿತು. ಸುದ್ದಿಯನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಆ ಪತ್ರಿಕೆಯವರನ್ನೂ ಮೆಚ್ಚಬೇಕು, ಸಂಪಾದಕರೇ. ನಿಮ್ಮ ವೃತ್ತಿಯಲ್ಲಿ ಅದು ಸುಲಭವಲ್ಲ.

ರಂಗಭೂಮಿಯನ್ನಂತೂ ಅವರು ಬಿಡಲೇ ಇಲ್ಲ. 1992ರಿಂದ ಶಬಾನಾ ಆಜ್ಮಿ ಜೊತೆ ‘ತುಮ್ಹಾರಿ ಅಮೃತಾ’ ನಾಟಕ ಆಡುತ್ತಲೇ ಬಂದರು. ಇಬ್ಬರೂ ಕೂತಲ್ಲೇ ಕೂತು ಪತ್ರ ಓದುವುದಷ್ಟೇ ನಾಟಕ. ಅದರ ಕೊನೆಯ ಪ್ರದರ್ಶನ 2013ರ ಡಿಸೆಂಬರ್ 14ರಂದು ಆಗ್ರಾದಲ್ಲಿ, ತಾಜ್ ಮಹಲಿನ ಸನ್ನಿಧಿಯಲ್ಲಿ ನಡೆಯಿತು. ಎರಡು ವಾರ ಕಳೆಯುವಷ್ಟರಲ್ಲಿ, ಕುಟುಂಬದೊಂದಿಗೆ ದುಬೈಗೆ ಹೋಗಿದ್ದ ಅವರು ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 65. ‘ಲಾಹೋರ್’ ಚಿತ್ರಕ್ಕೆ ಪೋಷಕ ನಟ ರಾಷ್ಟ್ರಪ್ರಶಸ್ತಿ ಬಂದು ಆಗಿನ್ನೂ ಮೂರು ಚಿಲ್ಲರೆ ವರ್ಷ.

ಸಿನಿಮಾಗಳೇನೋ ಉಳಿದಿವೆ, ಮರುಬಿಡುಗಡೆಯೂ ಆಗುತ್ತವೆ. ಟಿವಿಯ ಕೆಲಸಕ್ಕೆ ಆ ಭಾಗ್ಯವಿಲ್ಲ. ‘ಜೀನಾ ಇಸೀ ಕಾ ನಾಮ್ ಹೈ’ಯ ಕಂತುಗಳನ್ನು ನಾನು ಮತ್ತೆ ನೋಡಿದ್ದು ಅಂತರ್ಜಾಲದಲ್ಲಿ ಯಾರೋ ಪುಣ್ಯಾತ್ಮರು ಹಾಕಿದ ಮಸುಕು ಪ್ರತಿಗಳಲ್ಲಿ. ಪ್ರಸಾರ ಭಾರತಿ ‘ಶ್ರೀಕಾಂತ್’ ಅನ್ನು, ಖಾಸಗಿ ವಾಹಿನಿಗಳು ಉಳಿದೆರಡನ್ನು ತಮ್ಮ ಆ್ಯಪ್‌ಗಳಲ್ಲಿ ಒಳ್ಳೆಯ ಪ್ರತಿಯಾಗಿ, ಕನ್ನಡ ಅಡಿಬರಹದೊಂದಿಗೆ ಕೊಡುವಂತಾಗಬೇಕು. ನಿಮ್ಮ ಪುರವಣಿ ಈ ಬೇಡಿಕೆಗೆ ಅರ್ಧ ಪುಟ ಕೊಟ್ಟರೂ ಸಾಕು. ಲೇಖನದ ಮುಂದಿನ ಭಾಗ ಬರಲಿದೆ ಎಂದು ಕೊನೆಯಲ್ಲಿ ಅಚ್ಚಾಗಿದೆ. ಅದರಲ್ಲಿ ಅವರ ಹೆಸರು ಆವರಣದಿಂದ ಹೊರಗೆ ಬರಲಿ.

ಇಂತಿ,
ನಿಮ್ಮ ಹಳೆಯ ಓದುಗ
ಧಾರವಾಡ