ದೂರು ಪತ್ರ: ಗಾಳಿಯೇ ಆಡದ ಕೋಳಿಮನೆ

ಚಿತ್ರದುರ್ಗ
ಏಪ್ರಿಲ್ 21

ಇವರಿಗೆ,
ವ್ಯವಸ್ಥಾಪಕರು,
ಶೆಡ್ ನಿರ್ಮಾಣ ಮತ್ತು ಫ್ಯಾಬ್ರಿಕೇಶನ್ ವಿಭಾಗ

ವಿಷಯ: ತೋಟದ ಶೆಡ್ಡನ್ನು ಕೋಳಿಮನೆಯಾಗಿ ಮಾರ್ಪಡಿಸಿದ ಕೆಲಸದಲ್ಲಿನ ಲೋಪ, ಅದರಿಂದ ಆರು ಕೋಳಿಗಳು ಸತ್ತಿರುವುದು.

ಮಾನ್ಯರೇ,

ನಮ್ಮ ಹಿತ್ತಲಲ್ಲಿ ಹಾರೆ, ಗುದ್ದಲಿ, ಡ್ರಿಪ್ ಪೈಪು ಇಡಲು ನನ್ನ ಯಜಮಾನರು ಕಟ್ಟಿಸಿದ್ದ 12 ಅಡಿ ಉದ್ದ, 10 ಅಡಿ ಅಗಲದ ತಗಡಿನ ಶೆಡ್ ಇತ್ತು. ಅವರು ಹೋದ ಮೇಲೆ ಅದು ಖಾಲಿ ಬಿದ್ದಿತ್ತು. ಅದನ್ನು 24 ಕೋಳಿ ಇರುವಂತೆ ಮಾಡಿಕೊಡಿ ಎಂದು ಕಳೆದ ಡಿಸೆಂಬರಿನಲ್ಲಿ ನಿಮಗೆ ಹೇಳಿದೆ. 46,000 ರೂಪಾಯಿಗೆ ಕೊಟೇಶನ್ ಕೊಟ್ಟಿರಿ, ಅದರಲ್ಲಿ 40,000 ಕೊಟ್ಟಿದ್ದೇನೆ. ಕೊಟೇಶನ್ನಿನಲ್ಲಿ ನೀವೇ ಬರೆದದ್ದು ಇದು: ಉದ್ದದ ಎರಡೂ ಗೋಡೆಗಳಲ್ಲಿ ಒಂದೂವರೆ ಅಡಿಯ ಮೇಲೆ ಅರ್ಧ ಇಂಚಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿ ಜಾಲರಿ), ಸೂರಿನ ನೆತ್ತಿಯಲ್ಲಿ ಬಿಸಿಗಾಳಿ ಹೋಗಲು 6 ಇಂಚಿನ ಬಾಯಿ, ಅದರ ಮೇಲೆ ಎತ್ತರಿಸಿದ ಟೋಪಿ. ಪ್ರತಿ ಲಗತ್ತಿಸಿದ್ದೇನೆ.

ಜನವರಿಯಲ್ಲಿ ಆದದ್ದು ಬೇರೆಯೇ. ಉದ್ದದ ಗೋಡೆಗಳನ್ನು ಮುಟ್ಟಲೇ ಇಲ್ಲ. ಅಗಲದ ಕಡೆಯ ಪೂರ್ವದ ಗೋಡೆಯಲ್ಲಿ ಒಂದೊಂದು ಅಡಿಯ ಎರಡು ಕಿಟಕಿ ಕೊರೆದು, ಅವುಗಳ ಪಕ್ಕದಲ್ಲೇ ಒಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದಿರಿ. ನೆತ್ತಿಯ ಬಾಯಿ ಇಲ್ಲ. ಬದಲಿಗೆ ಕೇಳದೆಯೇ ತಗಡಿನ ಕೆಳಗೆ ಥರ್ಮಾಕೋಲಿನ ಸೀಲಿಂಗ್ ಹೊಡೆದಿರಿ. ಕೋಳಿಗಳು ಅಟ್ಟಣಿಗೆ ಹತ್ತಿ ಅದನ್ನು ಕುಕ್ಕಿ ತಿನ್ನಲು ಎರಡು ದಿನವೂ ಬೇಕಾಗಲಿಲ್ಲ. ಥರ್ಮಾಕೋಲ್ ಕಂಡರೆ ಕೋಳಿ ಬಿಡುವುದಿಲ್ಲ ಎಂಬುದು ಕೋಳಿ ಸಾಕಿದ ಯಾರಿಗಾದರೂ ಗೊತ್ತು.

ಫ್ಯಾನಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಸೂಪರ್‌ವೈಸರ್ ಪ್ರತಿ ಸಲವೂ ಅದನ್ನೇ ತೋರಿಸುತ್ತಾರೆ. ಕಿಟಕಿಯ ಪಕ್ಕದಲ್ಲೇ ಫ್ಯಾನ್ ಇದ್ದರೆ ಕಿಟಕಿಯಿಂದ ಬಂದ ಗಾಳಿ ಹಾಗೇ ತಿರುಗಿ ಫ್ಯಾನಿನಿಂದ ಆಚೆ ಹೋಗುತ್ತದೆ. ಪಡುವಣ ತುದಿಯಲ್ಲಿ ಅಟ್ಟಣಿಗೆಯ ಮೇಲೆ ಕೂತ ಕೋಳಿಗೆ ಅದರಲ್ಲಿ ಒಂದು ಉಸಿರೂ ಸಿಗುವುದಿಲ್ಲ. ಊದುಬತ್ತಿ ಹಚ್ಚಿ ನೋಡಿದೆ. ಕಿಟಕಿಯ ಬಳಿ ಹೊಗೆ ಫ್ಯಾನಿನತ್ತ ಓಡಿತು, ಆ ತುದಿಯಲ್ಲಿ ನೆಟ್ಟಗೆ ಮೇಲೇರಿ ಸೀಲಿಂಗಿನ ಕೆಳಗೆ ನಿಂತುಬಿಟ್ಟಿತು. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವ ಊರು ನಮ್ಮದು. ಇಲ್ಲಿ ಗಾಳಿಯನ್ನು ದುಡ್ಡು ಕೊಟ್ಟು ಎಳೆಯಬೇಕಿರಲಿಲ್ಲ, ಅಡ್ಡ ಬರದಿದ್ದರೆ ಸಾಕಿತ್ತು. ಶೆಡ್ಡಿನ ಉದ್ದದ ಗೋಡೆಗಳು ಉತ್ತರ, ದಕ್ಷಿಣಕ್ಕೆ ಇವೆ. ಬಿಸಿಲು ನೇರ ಹೊಡೆಯುವುದಿಲ್ಲ, ಗಾಳಿ ಮಾತ್ರ ಹಾಯುತ್ತದೆ. ಕೋಳಿಮನೆಗೆ ಇದಕ್ಕಿಂತ ಒಳ್ಳೆಯ ದಿಕ್ಕು ಇಲ್ಲ. ಅದನ್ನೇ ನೀವು ಮುಚ್ಚಿಟ್ಟಿರಿ.

ಮೊದಲ ಹದಿನೈದು ದಿನದಲ್ಲೇ ಬೆಳಿಗ್ಗೆ ಥರ್ಮಾಕೋಲಿನ ಸಂದಿಯಿಂದ ನೀರು ತೊಟ್ಟಿಕ್ಕತೊಡಗಿತು. ಆ ಜನವರಿಯಲ್ಲಿ ಒಂದು ಹನಿ ಮಳೆ ಇಲ್ಲ. ರಾತ್ರಿಯೆಲ್ಲ ಕೋಳಿಗಳ ಉಸಿರು, ಹಿಕ್ಕೆಯ ತೇವ ಮೇಲೇರಿ, ಹೊರಹೋಗಲು ದಾರಿಯಿಲ್ಲದೆ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತಿತ್ತು. ಫೋನ್ ಮಾಡಿದಾಗ ನೀವು ಇಬ್ಬರನ್ನು ಕಳಿಸಿದಿರಿ. ಅವರು ಸೂರು ಸೋರುತ್ತಿದೆ ಎಂದು ತೀರ್ಮಾನಿಸಿ ಉಳಿದಿದ್ದ ಸಂದಿಗಳಿಗೂ ಸಿಲಿಕಾನ್ ಬಳಿದು ಹೋದರು!

ಅಲ್ಲಿಂದ ನೆಲಕ್ಕೆ ಹಾಸಿದ ಹೊಟ್ಟು ಒಣಗಲೇ ಇಲ್ಲ. ಭತ್ತದ ಹೊಟ್ಟನ್ನು ದಿನಾ ಕೆದಕಿದೆ, ಸುಣ್ಣ ಉದುರಿಸಿದೆ, ಎರಡು ಸಲ ಪೂರ್ತಿ ಬದಲಿಸಿದೆ. ಒದ್ದೆ ಹೊಟ್ಟಿನಿಂದ ಏಳುವ ಅಮೋನಿಯಾಕ್ಕೆ ಕೋಳಿಗಳ ಕಣ್ಣಲ್ಲಿ ನೀರು. ಫೆಬ್ರವರಿಯಲ್ಲಿ ಬಂದ ಸೂಪರ್‌ವೈಸರ್ ಬಾಗಿಲಲ್ಲೇ ನಿಂತು "ವಾಸನೆ ಏನೂ ಇಲ್ವಲ್ಲ ಮೇಡಂ" ಅಂದರು. ಕೋಳಿಯ ಮೂಗು ನೆಲದಿಂದ ಒಂದಡಿ ಮೇಲಿರುತ್ತದೆ, ಬಗ್ಗಿ ನೋಡಿ ಅಂದೆ. ಬಗ್ಗಲಿಲ್ಲ. "ಗಾಳಿ ಜಾಸ್ತಿಯಾದ್ರೆ ಕೋಳಿಗೆ ಶೀತ ಆಗುತ್ತೆ" ಎಂಬ ಪಾಠ ಬೇರೆ. ರಾತ್ರಿ ಮಲಗಿದ ಕೋಳಿಯ ಮೈಗೆ ನೇರ ಗಾಳಿ ಬಡಿಯಬಾರದು, ನಿಜ. ಅದಕ್ಕೆ ಗೋಣಿತಾಟಿನ ಪರದೆ ಇದೆ, ಬೇಕಾದಾಗ ಇಳಿಸಬಹುದು, ಸುತ್ತಿ ಕಟ್ಟಬಹುದು. ಗೋಡೆಯನ್ನು ಹಾಗೆ ಸುತ್ತಿ ಕಟ್ಟಲಾಗುತ್ತದೆಯೇ?

ಒಂದು ಮಾತು ಇಲ್ಲಿ ಹೇಳಲೇಬೇಕು. ನಿಮ್ಮ ವೆಲ್ಡಿಂಗ್ ಹುಡುಗ ಮೊದಲ ದಿನವೇ "ಅಕ್ಕಾ, ಮೇಲೆ ಬಾಯಿ ಬಿಡಬೇಕಿತ್ತು" ಅಂದಿದ್ದ. ಸೂಪರ್‌ವೈಸರ್ ಅವನ ಬಾಯಿ ಮುಚ್ಚಿಸಿದರು. ಈ ದೂರಿನಿಂದ ಅವನ ಕೂಲಿಗೆ ಕತ್ತರಿ ಬೀಳಬಾರದು.

ಏಪ್ರಿಲ್ 12ರಂದು ದಾವಣಗೆರೆಯಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. ಹಿತ್ತಲಿಗೆ ನಾಯಿಗಳ ಕಾಟ, ಹಾಗಾಗಿ ಕೋಳಿಗಳನ್ನು ಒಳಗೆ ಬಿಟ್ಟು, ನೀರು ತುಂಬಿಸಿ, ಫ್ಯಾನ್ ಹಾಕಿ ಹೋದೆ. ಹನ್ನೊಂದಕ್ಕೆ ಹೋದ ಕರೆಂಟು ನಾಲ್ಕಕ್ಕೆ ಬಂತಂತೆ. ಸಂಜೆ ಬಂದು ಬಾಗಿಲು ತೆಗೆದರೆ ಐದು ಹೇಂಟೆ, ಒಂದು ಹುಂಜ ಸತ್ತು ಬಿದ್ದಿದ್ದವು. ಉಳಿದವು ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ಏದುತ್ತಿದ್ದವು. ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರು ನೋಡಿ, ಬಿಸಿಯ ಆಘಾತ ಎಂದು ಬರೆದುಕೊಟ್ಟಿದ್ದಾರೆ. ಕೋಳಿಗೆ ಬೆವರು ಗ್ರಂಥಿಯಿಲ್ಲ, ಏದುಸಿರಿನಿಂದಲೇ ಮೈ ತಣಿಸಿಕೊಳ್ಳಬೇಕು. ಮರುದಿನ ಎರಡು ಗಂಟೆಗೆ, ಕೋಳಿಗಳನ್ನೆಲ್ಲ ಹೊರಗೆ ಬಿಟ್ಟು, ಥರ್ಮಾಮೀಟರ್ ನೇತುಹಾಕಿದೆ: ಹೊರಗೆ ಹುಣಸೆ ನೆರಳಲ್ಲಿ 37 ಡಿಗ್ರಿ, ಒಳಗೆ 43. ಕೋಳಿಯ ಮೈಬಿಸಿಯೇ 41ರ ಆಸುಪಾಸು. ಹೊರಗೆ ಬಿಟ್ಟು ಹೋಗಿದ್ದರೆ ಉಳಿಯುತ್ತಿದ್ದವೇನೋ ಎಂಬ ಕೊರಗು ನನಗೂ ಇದೆ. ಆದರೆ ಬಾಗಿಲು ಹಾಕಿ ಒಂದು ದಿನ ಊರಿಗೆ ಹೋಗಲಾಗದಿದ್ದರೆ ಕೋಳಿಮನೆ ಯಾಕೆ ಬೇಕಿತ್ತು?

ಸತ್ತವು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲ ಸಾಕಣೆಗೆಂದು ರೂಪಿಸಿದ ಸ್ವರ್ಣಧಾರ ತಳಿಯವು. ಮರಿಯಿಂದ ಸಾಕಿದ್ದೆ. ಉಳಿದವು ಈಗ ಇಡುವ ಮೊಟ್ಟೆಯ ಚಿಪ್ಪು ಬೆರಳು ತಾಗಿದರೆ ಒಡೆಯುವಷ್ಟು ತೆಳು.

ಕಿಟಕಿಗೆ ಹಾಕಿದ್ದೂ ವೆಲ್ಡ್ ಮೆಶ್ ಅಲ್ಲ, ಆರು ಮೂಲೆಯ ತೆಳು ಜಾಲರಿ. ಮುಂಗುಸಿ ಒಂದು ಮೂಲೆಯನ್ನು ಆಗಲೇ ಕಿತ್ತಿದೆ.

ನಾನು ಕೇಳುತ್ತಿರುವುದು ಕೊಟೇಶನ್ನಿನಲ್ಲಿ ಇರುವುದನ್ನೇ. ಸೀಲಿಂಗ್ ಕಿತ್ತು ಹಾಕಿ. ಉದ್ದದ ಎರಡೂ ಗೋಡೆಗಳನ್ನು ಒಂದೂವರೆ ಅಡಿಯ ಮೇಲೆ ಕತ್ತರಿಸಿ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ. ನೆತ್ತಿಯ ಬಾಯಿ ತೆರೆದು ಟೋಪಿ ಕೂರಿಸಿ. ಎರಚಲು ಹೊಡೆಯದಂತೆ ಸೂರನ್ನು ಎರಡೂ ಕಡೆ ಮೂರಡಿ ಮುಂದೆ ಚಾಚಿ. ಇದೊಂದು ಕೊಟೇಶನ್ನಿನಲ್ಲಿ ಇಲ್ಲ, ಅದರ ತಗಡಿನ ದುಡ್ಡು ನಾನೇ ಕೊಡುತ್ತೇನೆ. ಫ್ಯಾನ್ ವಾಪಸ್ ತೆಗೆದುಕೊಂಡು ಅದರ ಬೆಲೆ ಕಳೆಯಿರಿ. ಸತ್ತ ಆರು ಕೋಳಿಗೆ ತಲಾ 500ರಂತೆ 3,000 ರೂಪಾಯಿ ಕೊಡಿ. ಕೆಲಸ ಮುಗಿದು, ಊದುಬತ್ತಿಯ ಹೊಗೆ ಆಚೆ ಹೋಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಬಾಕಿ 6,000 ನಿಮ್ಮ ಕೈಗೆ.

ಇದು ತಲುಪಿದ 15 ದಿನದೊಳಗೆ ಕೆಲಸ ಶುರುವಾಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಚಾರಿಸಿಕೊಂಡಿದ್ದೂ ಆಗಿದೆ.

ಹುಡುಗರನ್ನು ಬೆಳಿಗ್ಗೆ ಏಳಕ್ಕೇ ಕಳಿಸಿ. ಹನ್ನೊಂದರ ಮೇಲೆ ಆ ತಗಡನ್ನು ಮುಟ್ಟಲಾಗುವುದಿಲ್ಲ.

ಇತಿ,
ನಿಮ್ಮ ಗ್ರಾಹಕಿ
(ಸಹಿ)

ಲಗತ್ತು: ಕೊಟೇಶನ್, ಹಣ ಪಾವತಿಯ ರಸೀದಿಗಳು, ಪಶುವೈದ್ಯರ ಪತ್ರ, ಒಂಬತ್ತು ಫೋಟೋ.