ಹಳೇ ಯಂತ್ರ ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ನಮ್ಮೂರಿನ ಟ್ರಸ್ಟ್ ಆಸ್ಪತ್ರೆಗೆ ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಎಕ್ಸ್‌-ರೇ ಯಂತ್ರ ಕೊಂಡೆವು. ಹೊಸದಾಗಿ ಪೇಂಟ್ ಹೊಡೆದು ಫಳಫಳ ಅನ್ನುತ್ತಿತ್ತು. ಎರಡೇ ತಿಂಗಳಿಗೆ ಅದರೊಳಗಿನ, ಎಕ್ಸ್‌-ರೇ ಕಿರಣ ಹೊಮ್ಮಿಸುವ ಟ್ಯೂಬ್ ಹೋಯಿತು. ಯಂತ್ರದ ಜೀವವೇ ಆ ಟ್ಯೂಬ್. ಅದೆಷ್ಟು ಸವೆದಿದೆ ಅಂತ ನಾವ್ಯಾರೂ ಕೇಳಿರಲೇ ಇಲ್ಲ! ಮಾರಿದವರು ಈಗ ಫೋನ್ ಎತ್ತುತ್ತಿಲ್ಲ.

ಹಳೆಯದು ಕೊಳ್ಳುವುದು ತಪ್ಪೇನಲ್ಲ, ಸಣ್ಣ ಆಸ್ಪತ್ರೆಗಳ ಕೈಗೆ ಎಟುಕುವುದೇ ಅದು ಅಲ್ವಾ? ಆದರೆ ಸರ್ವಿಸ್ ದಾಖಲೆ ನೋಡಿ, ಪರೀಕ್ಷೆ ಮಾಡಿಸಿಯೇ ಹಣ ಕೊಡಿ. ಎಕ್ಸ್‌-ರೇ ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕೇ ಬೇಕು. ಅಲ್ಟ್ರಾಸೌಂಡ್ ಯಂತ್ರವನ್ನಂತೂ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನೋಂದಣಿಯಾದ ಕಡೆಗೆ ಮಾತ್ರ ಮಾರಬಹುದು. ದಲ್ಲಾಳಿಗಳು ಇದನ್ನೆಲ್ಲ ಹೇಳುವುದಿಲ್ಲ.

ನಮ್ಮ ಎಕ್ಸ್‌-ರೇ ಕೋಣೆಗೆ ಸದ್ಯ ಬೀಗ ಬಿದ್ದಿದೆ. ಕೈ ಮುರಿದವರು ಬಸ್ಸು ಹತ್ತಿ ಪೇಟೆಗೆ ಹೋಗುತ್ತಿದ್ದಾರೆ.

– ಟ್ರಸ್ಟ್‌ನ ಒಬ್ಬ ಸದಸ್ಯ